ಹದಿನೆಂಟರಲ್ಲಿ ಒಂದು

ನಲವತ್ತು ದಾಟಿದರೂ ಮನೆಯವರ ಬಾಯಲ್ಲಿ ಅವಳು ಪುಟ್ಟಿಯೇ. ಡಾಕ್ಟರುಗಳು ತೊಡುವ ಬಿಳಿ ಕೋಟು ಹೊಲಿಯುವ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಕೆಲಸ. ಆ ವಾರ ಅವಳು ಹೊಲಿದ ಎರಡು ಕೋಟು ವಾಪಸು ಬಂದಿದ್ದವು. ಹೊಲಿಗೆಯಲ್ಲಿ ತಪ್ಪಿರಲಿಲ್ಲ, ಕಾಲರಿನ ಮೇಲೆ ಕರಿ ಹೆಬ್ಬೆಟ್ಟು ಕೂತಿತ್ತು. ಮೇಲ್ವಿಚಾರಕಿ ಕೋಟನ್ನು ಸತ್ತ ಇಲಿಯ ಹಾಗೆ ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇನ್ನೊಂದು ಹಿಂಗೆ ಬಂದ್ರೆ ನಿಮ್ಮ ಮಿಷನ್ ಬೇರೆಯವರಿಗೆ" ಎಂದಿದ್ದಳು.

ಮಸಿ ಬರುತ್ತಿದ್ದುದು ಅಣ್ಣ ಕೊಟ್ಟ ಸೈಕಲಿನಿಂದ. ಹದಿನೆಂಟು ಗೇರಿನದು. ಎರಡು ತಿಂಗಳು ತುಳಿದು, ಹೊಟ್ಟೆ ಕರಗಲಿಲ್ಲವೆಂದು ಅವನು ಅದನ್ನು ಮೆಟ್ಟಿಲ ಕೆಳಗೆ ತಳ್ಳಿದ್ದ. ಐದು ವರ್ಷ ಪಾರಿವಾಳಗಳು ಅದರ ಮೇಲೆ ಮಾಡಬಾರದ್ದೆಲ್ಲ ಮಾಡಿದ್ದವು. ಬಸ್ಸು ನಿಂತುಹೋಗಿ ಪುಟ್ಟಿ ಪರದಾಡುವಾಗ, ನೆಂಟರೆಲ್ಲ ಕೂತಿರುವ ಹೊತ್ತು ನೋಡಿ ದಾನ ಮಾಡಿದ. "ತಂಗಿಗಿಂತ ಹೆಚ್ಚಾ ನನಗೆ ಇದು?" ಎಂದು ಒಬ್ಬೊಬ್ಬರ ಮುಖವನ್ನೂ ನೋಡಿದ್ದ. ಗೇರು ತಾನಾಗಿ ಹಾರುತ್ತಿತ್ತು, ಚೈನು ದಿನಕ್ಕೊಮ್ಮೆ ಕಳಚುತ್ತಿತ್ತು. ರಸ್ತೆ ಬದಿ ಕೂತು ಅದನ್ನು ಏರಿಸಿದ ಕೈಗೆ ಎಷ್ಟು ಸೋಪು ಹಚ್ಚಿದರೂ ಉಗುರಿನ ಸಂದಿಯಲ್ಲಿ ಕಪ್ಪು ಉಳಿಯುತ್ತಿತ್ತು.

ಭಾನುವಾರ ಬೆಳಿಗ್ಗೆ ಅವಳು ಅದನ್ನು ಮೂಲೆಯಂಗಡಿಯ ಸೈಕಲ್ ತಾತನ ಹತ್ತಿರ ತಳ್ಳಿಕೊಂಡು ಹೋದಳು. ತಾತ ಕನ್ನಡಕ ಏರಿಸಿ, ಹಿಂಚಕ್ರದತ್ತ ಬಗ್ಗಿ, ಥಟ್ಟನೆ ಮುಖ ಹಿಂದಕ್ಕೆಳೆದುಕೊಂಡ.

"ಏನಮ್ಮಾ ಇದು, ಸೈಕಲ್ಲೋ ಮೋರಿಯೋ?"

"ರಿಪೇರಿ ಆಗುತ್ತಾ ತಾತ?"

"ಗೇರ್ ಎಲ್ಲಾ ಹೊಸದು ಹಾಕಿದ್ರೆ ನಿನ್ನ ತಿಂಗಳ ಸಂಬಳ ನುಂಗಿಬಿಡುತ್ತೆ. ಇಲ್ಲಾ ಅಂದ್ರೆ ಎಲ್ಲಾ ಕಿತ್ತು ಬಿಸಾಕಿ ಒಂದೇ ಗೇರಿಗೆ ತರಬೇಕು. ದಾರೀಲಿ ದಿಣ್ಣೆ ಇದೆಯಾ?"

"ಒಂದು ಸೇತುವೆ ಇದೆ."

"ಅಷ್ಟಕ್ಕೆ ಒಂದು ಸಾಕು. ಆದ್ರೆ ನಾನಂತೂ ಇದನ್ನ ಮುಟ್ಟಲ್ಲ, ತಿಂದದ್ದು ಆಚೆ ಬರುತ್ತೆ. ಕೈ ಹಾಕಿದ್ರೆ ಕೂಲಿ, ಬಾಯಿ ಹಾಕಿದ್ರೆ ಪುಕ್ಕಟೆ. ಕೂತ್ಕೋ."

ಹಾಗೆಂದವನು ತನ್ನ ಒಲೆಗೆಂದು ಇಟ್ಟಿದ್ದ ಸೀಮೆಎಣ್ಣೆಯನ್ನು ಜಿಡ್ಡು ತೊಳೆಯಲೆಂದು ಡಬ್ಬಕ್ಕೆ ಸುರಿದ. ಅವಳ ಮಂಡಿಗೆ ನೋವಾಗದಂತೆ ಗೋಣಿಚೀಲ ಮಡಚಿ ಹಾಸಿದ. ಸ್ಪ್ಯಾನರುಗಳನ್ನು ಅವಳ ಬಲಗೈಗೆ ಸಿಗುವ ಹಾಗೆ ಜೋಡಿಸಿಟ್ಟು, ಸ್ಟೂಲಿನ ಮೇಲೆ ಕೂತು ಬಾಯಿ ಶುರುಮಾಡಿದ.

ಮೊದಲು ಒಂದು ಪಿನ್ನು ತಳ್ಳಿಸಿ ಚೈನು ಬಿಚ್ಚಿಸಿದ. ಆಮೇಲೆ ಕೇಬಲ್ಲು ಕೀಳಿಸಿ, ಹಿಂದೆ ಜೋತಾಡುವ ಗೇರಿನ ಭಾಗ ಕಳಚಿಸಿದ. ಅದರ ಎರಡು ಪುಟ್ಟ ಚಕ್ರಗಳಲ್ಲಿ ಯಾರದೋ ಉದ್ದ ಕೂದಲು, ಜಿಡ್ಡು, ಜಿರಳೆಯ ರೆಕ್ಕೆ ಎಲ್ಲ ಸೇರಿ ಮೆತ್ತನೆಯ ಉಂಡೆಯಾಗಿದ್ದವು. ಅದು ಬೆರಳಿಗೆ ಅಂಟಿತು. ಪುಟ್ಟಿ ಮುಖ ಓರೆ ಮಾಡಿಕೊಂಡು ಕೆಲಸ ಮುಂದುವರಿಸಿದಳು. ನೆಂಟರ ಮುಂದೆ ಹಲ್ಲು ಕಿರಿದ ಅಣ್ಣನ ಮುಖ ನೆನಪಾದಾಗ ಮಾತ್ರ ತಡೆಯಲಾಗದೆ ಪಕ್ಕಕ್ಕೆ ತಿರುಗಿ ಉಗುಳಿದಳು.

"ಹಿಂದೆ ಆರು ಹಲ್ಲುಚಕ್ರ ಇವೆಯಲ್ಲ, ಅದರಲ್ಲಿ ಮುಂದಿನ ಮೂರರ ನಡುವಿನದಕ್ಕೆ ನೇರ ಬರೋದು ಯಾವುದು ನೋಡು. ಚೈನು ಸೊಟ್ಟ ಓಡಿದ್ರೆ ಮತ್ತೆ ಬೀಳುತ್ತೆ."

ಪುಟ್ಟಿ ಒಂದು ಕಣ್ಣು ಮುಚ್ಚಿ ನೋಡಿದಳು. "ಮೂರನೇದು."

"ಸರಿ. ಅದರ ಮೇಲೆ ಸುತ್ತಿ, ಮಿಕ್ಕಿದ್ದು ತೆಗೆದುಬಿಡು."

ಅವಳು ಅಳೆದಳು, ಕತ್ತರಿಸಿದಳು, ಕೂಡಿಸಿದಳು. ಹತ್ತಿ ತುಳಿದರೆ ಗಲ್ಲಿಯ ಕೊನೆ ಮುಟ್ಟುವ ಮುಂಚೆಯೇ ಚೈನು ಬಿತ್ತು. ಮುಖ ಸಣ್ಣದು ಮಾಡಿಕೊಂಡು ತಳ್ಳಿಕೊಂಡು ಬಂದಳು. ಚಕ್ರವನ್ನು ಎಷ್ಟು ಹಿಂದಕ್ಕೆಳೆದರೂ ಚೈನು ಜೋತೇ ಇತ್ತು.

"ಎಷ್ಟು ಬಿಟ್ಟೆ?"

"ಅಳತೆಗಿಂತ ಎರಡು ಕೊಂಡಿ ಜಾಸ್ತಿ."

"ಯಾಕೆ?"

"ಹೊಲಿಗೆಗೆ ಅಂತ ಬಿಡಬೇಕಲ್ಲ ತಾತ."

ತಾತ ನಕ್ಕು ನಕ್ಕು ಕೆಮ್ಮಿದ. "ಚೈನನ್ನ ಒಳಗೆ ಮಡಚಿ ಹೊಲೀತೀಯೇನಮ್ಮಾ? ತೆಗಿ ಅದನ್ನ."

ಇಷ್ಟು ವರ್ಷದಲ್ಲಿ ಅವಳು ಹೊಲಿಗೆಗೆ ಬಿಡದೆ ಗೆರೆಯ ಮೇಲೇ ಕತ್ತರಿ ಆಡಿಸಿದವಳಲ್ಲ. ಗಿಡ್ಡವಾಗಿಬಿಟ್ಟರೆ ಬೇರೆ ಚೈನು ಕೊಳ್ಳಲು ಕಾಸಿಲ್ಲ, ಬೆಳಗಾದರೆ ಸೋಮವಾರ. ಉಸಿರು ಬಿಗಿಹಿಡಿದು ಎರಡು ಕೊಂಡಿ ತೆಗೆದಳು. ಚಕ್ರವನ್ನು ಮುಂದಕ್ಕೆ ತಳ್ಳಿದಾಗ ತುದಿಗಳು ಕೂಡಿದವು. ಹಿಂದಕ್ಕೆಳೆದು ನಟ್ಟು ಬಿಗಿದಾಗ ಚೈನು ನೆಟ್ಟಗಾಯಿತು. ಈ ಸಲ ಗಲ್ಲಿಯನ್ನು ಮೂರು ಸುತ್ತು ಹಾಕಿ ಬಂದಳು.

ಅಷ್ಟರಲ್ಲಿ ಯಾರೋ ಹೇಳಿ ಅಣ್ಣ ಬಂದು ನಿಂತಿದ್ದ.

"ಹದಿನೆಂಟು ಗೇರಿನ ಗಾಡೀನ ಹಿಂಗೆ ಬೋಳು ಮಾಡಿದೀಯಲ್ಲೇ. ಹೋಗ್ಲಿ, ಆ ಕಿತ್ತ ಸಾಮಾನು ಕೊಡು, ಯಾರಾದ್ರೂ ಕೊಳ್ತಾರೆ." ಕರವಸ್ತ್ರ ಬಿಡಿಸಿ ಹಿಡಿದ. "ಒರೆಸಿ ಕೊಡೇ ಪುಟ್ಟಿ, ಛೀ."

"ಅಷ್ಟೂ ಕೊಳೆ ನಿಂದೇ ಅಣ್ಣ, ಐದು ವರ್ಷದ್ದು. ನಾನ್ಯಾಕೆ ಒರೆಸ್ಲಿ?"

ಉಂಡೆಯ ಸಮೇತ ಎಲ್ಲವನ್ನೂ ಕರವಸ್ತ್ರದೊಳಕ್ಕೆ ಸುರಿದಳು. ಜಿಡ್ಡು ಬಟ್ಟೆಯಿಂದ ಇಳಿದು ಅವನ ಮಣಿಕಟ್ಟಿಗೆ ಹರಿಯಿತು. ತಾತ ನಗು ಕಾಣದಿರಲೆಂದು ಪಂಪು ಹುಡುಕತೊಡಗಿದ. ಪುಟ್ಟಿ ಡಬ್ಬದ ಸೀಮೆಎಣ್ಣೆಯಲ್ಲಿ ಕೈ ಅದ್ದಿ ಉಗುರಿನ ಸಂದಿಯ ಕಪ್ಪನ್ನೆಲ್ಲ ತಿಕ್ಕಿ ತೆಗೆದಳು.

ಸೋಮವಾರ ಸೇತುವೆಯ ಏರಿನಲ್ಲಿ ಪುಟ್ಟಿ ಸೀಟಿನಿಂದ ಎದ್ದು ನಿಂತು ತುಳಿದಳು. ತೊಡೆ ಉರಿಯಿತು, ಚೈನು ಮಾತ್ರ ಹಲ್ಲು ಬಿಡಲಿಲ್ಲ.

ಕಾರ್ಖಾನೆಯ ಬಾಗಿಲಲ್ಲಿ ಮೇಲ್ವಿಚಾರಕಿ ಕಾದಿದ್ದಳು. "ಕೈ" ಎಂದಳು. ಅಂಗೈ, ಮುಂಗೈ ತಿರುವಿ, ಒಂದೊಂದೇ ಬೆರಳೆತ್ತಿ ಉಗುರುಗಳನ್ನು ನೋಡಿದಳು. ಕಪ್ಪು ಸಿಗಲಿಲ್ಲ. ಮೂಗು ಹತ್ತಿರ ತಂದು ಮುಖ ಕಿವುಚಿದಳು.

"ಸೀಮೆಎಣ್ಣೆ ನಾತ."

"ನಾತಕ್ಕೆ ಬಣ್ಣ ಇರಲ್ಲ ಮೇಡಂ."

ಮೇಲ್ವಿಚಾರಕಿ ಕತ್ತರಿಸಿದ ಬಿಳಿ ಬಟ್ಟೆಯ ಕಟ್ಟೊಂದನ್ನು ಅವಳತ್ತ ತಳ್ಳಿದಳು. ಪುಟ್ಟಿ ಅದನ್ನು ಮಿಷನ್ನಿನ ಮೇಲಿಟ್ಟು ನಲ್ಲಿಯ ಹತ್ತಿರ ಹೋದಳು. ಮೇಲ್ವಿಚಾರಕಿಯ ಬೆರಳುಗಳು ಹಿಡಿದು ತಿರುವಿದ್ದ ಜಾಗವನ್ನೆಲ್ಲ ಸೋಪು ಹಚ್ಚಿ ಎರಡೆರಡು ಸಲ ಉಜ್ಜಿ ತೊಳೆದುಕೊಂಡು, ಆಮೇಲೆ ಬಂದು ಹೊಲಿಯಲು ಕೂತಳು.