ಸಿಂದಗಿಯಲ್ಲಿ ಗುಡ್ಡದ ಬೂಟು

ವಿದ್ಯಾವತಿ ಹದಿನಾಲ್ಕು ವರ್ಷದಿಂದ ಸಿಂದಗಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದಳು. ಹಿಮಾಲಯದ ನಕಾಶೆಯನ್ನು ಪುಸ್ತಕ ನೋಡದೆ ಬೋರ್ಡಿನ ಮೇಲೆ ಬರೆಯುತ್ತಿದ್ದಳು. ಆದರೆ ಅವಳು ತನ್ನ ಕಾಲಿಂದ ಹತ್ತಿದ್ದ ಎತ್ತರವೆಂದರೆ ವಿಜಾಪುರದ ಉಪ್ಪಲಿ ಬುರುಜಿನ ಮೆಟ್ಟಿಲು ಮಾತ್ರ. ಹಾಗಾಗಿ ೨೦೦೧ರ ಮೇ ತಿಂಗಳಲ್ಲಿ ಶಿಕ್ಷಕರ ತಂಡವೊಂದು ಹಿಮಾಚಲದ ಬೆಟ್ಟಗಳಿಗೆ ಎಂಟು ದಿನದ ನಡಿಗೆ ಹೊರಡುತ್ತದೆಂದು ಗೊತ್ತಾದಾಗ ಯಾರನ್ನೂ ಕೇಳದೆ ಅರ್ಜಿ ಹಾಕಿದಳು. ಬಿ.ಎಡ್‌.ನಲ್ಲಿ ಜೊತೆಗೆ ಓದಿದ್ದ ಮುದ್ದೇಬಿಹಾಳದ ಸಿದ್ದೀಕಾ ಟೀಚರ್ ಕೂಡ ಹಾಕಿದ್ದಳು. ಇಬ್ಬರ ಹೆಸರೂ ಬಂದವು.

ಆಯ್ಕೆಯ ಪತ್ರದ ಜೊತೆಗೆ ತರಬೇಕಾದ ಸಾಮಾನಿನ ಪಟ್ಟಿ ಇತ್ತು. ಅದರಲ್ಲಿ ಬೂಟಿನ ವಿಷಯಕ್ಕೆ ಮಾತ್ರ ಕೆಳಗೆ ಗೆರೆ ಎಳೆದಿದ್ದರು. ಕಣಕಾಲು ಮುಚ್ಚಬೇಕು, ತಳಕ್ಕೆ ಹಿಡಿತ ಇರಬೇಕು, ಹೊಸ ಬೂಟಿನಲ್ಲಿ ನೇರವಾಗಿ ಬರಬಾರದು, ಮೊದಲೇ ಹಾಕಿ ನಡೆದು ಕಾಲಿಗೆ ರೂಢಿ ಮಾಡಿಕೊಂಡಿರಬೇಕು. ಹೊರಡಲು ಉಳಿದದ್ದು ಐದು ವಾರ.

ಸುತ್ತೆಲ್ಲ ಸಪಾಟ ಎರೆ ನೆಲ. ಅಲ್ಲಿ ಗುಡ್ಡದ ಬೂಟು ಯಾರು ಮಾರುತ್ತಾರೆ? ಬಸ್‌ಸ್ಟ್ಯಾಂಡಿನ ಸುತ್ತ ನಾಲ್ಕು ಅಂಗಡಿ ತಿರುಗಿ, ಸಾಲಿ ಮಕ್ಕಳು ಹಾಕುವ ಕ್ಯಾನ್ವಾಸು, ಮದುವೆಗೆ ಹಾಕುವ ಮಿರಿಮಿರಿ ಚಪ್ಪಲಿ ನೋಡಿ ಸಾಕಾಗಿ ಕೊನೆಗೆ ಅಬ್ದುಲರಜಾಕನ ಅಂಗಡಿಗೆ ಹೋದಳು. ಅರವತ್ತರ ಆಸುಪಾಸಿನ ಒಣಕಲು ಮನುಷ್ಯ. ಮಾರುವುದರ ಜೊತೆಗೆ ಹೊಲಿಯುವ ಕೆಲಸವನ್ನೂ ತಾನೇ ಮಾಡುತ್ತಿದ್ದ. ಅವಳ ಮಾತು ಕೇಳಿ ಅಟ್ಟಕ್ಕೆ ಕೈಹಾಕಿ, ಬಟ್ಟೆಯಲ್ಲಿ ಸುತ್ತಿದ ಒಂದು ಜೋಡಿ ತೆಗೆದ. ಮಾಸಲು ಕಂದು ಬಣ್ಣ, ದಪ್ಪ ಚರ್ಮ, ಎತ್ತರದ ಕುತ್ತಿಗೆ. ಬಟ್ಟೆಯನ್ನು ಪೂರ್ತಿ ಬಿಚ್ಚದೆ ಮೇಲುಭಾಗವನ್ನಷ್ಟೇ ತೋರಿಸಿದ.

"ಇದು ನಿಮ್ಮ ಹತ್ರ ಹ್ಯಾಂಗ ಬಂತ್ರಿ?" ಎಂದು ಕೇಳಿದಳು.

"ಒಬ್ಬರಿಗಂತ ತರಿಸಿದ್ದೆ. ಅವ್ರು ಒಯ್ಯಲಿಲ್ಲ."

"ಯಾರು?"

ಅವನು ಅವಳ ಕಾಲು ನೋಡಿದ. "ಈಗ ಬ್ಯಾಡ್ರಿ, ಸಂಜಿಕ ಬರ್ರಿ. ಇಡೀ ದಿನ ನಿಂತು ಕಲಿಸಿದ ಕಾಲು ಸಂಜಿಕ ಉಬ್ಬಿರ್ತಾವ. ಬೆಟ್ಟದಾಗೂ ಹಂಗ ಉಬ್ಬತಾವ. ಬೂಟಿನ ಅಳತಿ ಉಬ್ಬಿದ ಕಾಲಿಗೇ ನೋಡ್ಬೇಕು" ಎಂದು ಮತ್ತೆ ಬಟ್ಟೆ ಸುತ್ತಿಟ್ಟ.

ಗಿರಾಕಿ ಮುಂದೆ ನಿಂತಿರುವಾಗ ಸಂಜೆಗೆ ಬಾ ಎನ್ನುವ ವ್ಯಾಪಾರಿಯನ್ನು ವಿದ್ಯಾವತಿ ನೋಡಿರಲಿಲ್ಲ. ಇವನು ಏನೋ ಮುಚ್ಚಿಡುತ್ತಿದ್ದಾನೆ ಎಂದು ಅವಳಿಗೆ ಆಗಲೇ ಅನ್ನಿಸಿತು.

ಸಂಜೆ ಗಂಡ ಸಂಗಮೇಶನನ್ನು ಕರೆದುಕೊಂಡು ಹೋದಳು. ಸಂಗಮೇಶ ಎಪಿಎಂಸಿಯಲ್ಲಿ ತೊಗರಿ, ಜೋಳದ ತೂಕ ನೋಡುವವನು. ಚೀಲದ ಬಾಯಿ ನೋಡಿದರೆ ತಳದಲ್ಲಿ ಏನಿದೆಯೆಂದು ಹೇಳುವ ಆಸಾಮಿ. ಅಬ್ದುಲರಜಾಕ ಅವಳ ಎರಡೂ ಪಾದಗಳನ್ನು ಕಾಗದದ ಮೇಲೆ ಇಡಿಸಿ ಗೆರೆ ಎಳೆದ. ಎಡಗಾಲು ತುಸು ದೊಡ್ಡದಿತ್ತು. ಆ ಅಳತೆಗೆ ಅವನು ಆರನೇ ನಂಬರಿನ ಬೂಟು ಕೊಟ್ಟ.

"ನನ್ನದು ಐದು" ಎಂದಳು ವಿದ್ಯಾವತಿ.

"ಐದು ಇದ್ರೂ ನಾ ಕೊಡೂದಿಲ್ರಿ. ಗುಡ್ಡ ಇಳಿಯೂವಾಗ ಕಾಲು ಮುಂದ ಜಾರಿ ಬೆರಳು ಬಡೀತಾವ, ಉಗುರು ಕರ್ರಗಾಗ್ತಾವ. ದಪ್ಪ ಸಾಕ್ಸ್ ಹಾಕ್ಕೊರಿ. ಬೆರಳು ಮುಂದಕ್ಕ ತಾಗೂ ಹಂಗ ನಿಂದರ್ರಿ. ಹಿಂದ ಒಂದು ಬೆರಳು ಹಿಡಿಸಬೇಕು." ಅವನು ಹೇಳಿದಂತೆ ನಿಂತಳು. ಹಿಂದೆ ಒಂದು ಬೆರಳು ಸರಿಯಾಗಿ ಹಿಡಿಸಿತು. ಹೇಳಿದ ಬೆಲೆಯೂ ಅವಳು ಅಂದುಕೊಂಡದ್ದರ ಅರ್ಧ. "ಒಯ್ದು ಮನ್ಯಾಗ ಫರಸಿ ನೆಲದ ಮ್ಯಾಲ ಮೂರು ದಿನ ತಿರಗ್ಯಾಡ್ರಿ. ಒಪ್ಪದಿದ್ರ ತಿರುಗಿ ತರ್ರಿ" ಎಂದ.

ದಾರಿಯಲ್ಲಿ ಸಂಗಮೇಶ ಹೇಳಿದ, "ಅವನ ಹತ್ರ ಇರೂದು ಒಂದ ಜೋಡಿ, ಅದೂ ಆರನೇ ನಂಬರು. ಅಂದಮ್ಯಾಲ ಆರು ಚಲೋ ಅನ್ನದ ಮತ್ತೇನಂತಾನ?"

ಮನೆಯಲ್ಲಿ ಬೂಟನ್ನು ಬೆಳಕಿಗೆ ಹಿಡಿದು ನೋಡಿದರು. ಚರ್ಮ ಹಳೆಯದು, ತಳದ ರಬ್ಬರು ಹೊಸದು. ಸುತ್ತಲೂ ಮೇಣ ತಿಕ್ಕಿದ ಬಿಳಿ ದಾರದ ಹೊಲಿಗೆ. "ಯಾರೋ ಹಾಕ್ಕೊಂಡು ಬಿಟ್ಟದ್ದು. ಸತ್ತವರದೂ ಇರಬಹುದು" ಎಂದ ಸಂಗಮೇಶ. ವಿದ್ಯಾವತಿ ಒಳಗೆ ಕೈ ಹಾಕಿ ತಡವಿದಳು. ಬೆರಳಿನ ಗುರುತಿಲ್ಲ, ಹಿಮ್ಮಡಿಯ ತಗ್ಗಿಲ್ಲ. ಯಾರೂ ಹಾಕಿದ್ದಲ್ಲ. ಹಾಕದ ಬೂಟಿಗೆ ತಳ ಬದಲಿಸಿದ್ದು ಯಾಕೆ?

ಮರುದಿನ ಸಿದ್ದೀಕಾ ಫೋನ್ ಮಾಡಿದಾಗ ವಿದ್ಯಾವತಿ ಬೂಟಿನ ಕತೆ ಹೇಳಿದಳು. ಸಿದ್ದೀಕಾ ಇಂಡಿ ಊರಿನಲ್ಲಿ ಹೊಸದಾಗಿ ತೆರೆದ ಅಂಗಡಿಯೊಂದರಲ್ಲಿ ನೀಲಿ ಬಣ್ಣದ, ಹಳದಿ ಲೇಸಿನ ಬೂಟು ಕೊಂಡಿದ್ದಳು. "ಫಾರಿನ್ ಮಾಲಂತ. ಹಗುರಂದ್ರ ಹತ್ತಿ ಇದ್ದಂಗ. ನೀ ಆ ಹಳೇದು ತಿರುಗಿ ಕೊಟ್ಟುಬಿಡು" ಎಂದಳು.

ವಿದ್ಯಾವತಿ ಬೂಟು ಹಿಡಿದು ಅಂಗಡಿಗೆ ಹೋಗಿ ಹೊಲಿಗೆ ತೋರಿಸಿದಳು. "ಇದೇನ್ರಿ?"

ಅಬ್ದುಲರಜಾಕ ಹಣದ ಗಲ್ಲೆಯ ಕೆಳಗಿನಿಂದ ಎರಡು ಕರಿ ತಳ ತೆಗೆದು ಅವಳ ಕೈಗೆ ಕೊಟ್ಟ. ವಿದ್ಯಾವತಿ ಒಂದನ್ನು ಸ್ವಲ್ಪ ಬಾಗಿಸಿದಳು. ಅದು ಖಡಕ್ ರೊಟ್ಟಿಯಂತೆ ಮುರಿದು ಪುಡಿ ಉದುರಿತು.

"ಎಂಟು ವರ್ಷದ ಹಿಂದ ಕೆನಾಲ್ ಸರ್ವೇಕ್ಕ ಒಬ್ರು ಸಣ್ಣ ಕಾಲಿನ ಇಂಜಿನಿಯರ್ ಬಂದಿದ್ರು. ಅವರಿಗೆ ತರಿಸಿದ್ದೆ. ವರ್ಗ ಆಗಿ ಹೋದ್ರು. ಚರ್ಮ ಕುಂತ್ರೂ ಬಾಳತೈತಿ, ಈ ಜಾತಿ ತಳ ಕುಂತಲ್ಲೇ ಸಾಯತೈತಿ. ಅದನ್ನ ಕಿತ್ತಿ, ನೆಲ ಹಿಡಿಯೂ ಹಂಗ ಆಳ ಗೀರಿನ ಖಾಚೆ ಇರೋ ರಬ್ಬರ್ ಹಚ್ಚಿ, ಅಂಟನ್ನ ನಂಬದ ಕೈಲೆ ಹೊಲದೇನಿ."

"ಯಾವಾಗ?"

"ನೀವು ಬಂದ ದಿನಾ ಮಧ್ಯಾಹ್ನ."

"ಅಂದ್ರ ಸಂಜಿಕ ಬರ್ರಿ ಅಂದದ್ದು ಅದಕ್ಕ."

"ಕಾಲು ಉಬ್ಬೂದೂ ಖರೆ, ನನಗ ಹೊಲ್ಯಾಕ ಹೊತ್ತು ಬೇಕಾಗಿದ್ದೂ ಖರೆ."

"ಮೊದಲ ಹೇಳಬೇಕಿತ್ತು."

"ಹೇಳಿದ್ರ ನೀವು ಕೈಲೆ ಮುಟ್ಟತಿರಲಿಲ್ರಿ."

ಅದು ನಿಜವಾಗಿತ್ತು. ನಿಜವಾಗಿದ್ದರಿಂದಲೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು. "ನಾ ಇದನ್ನ ಬಿಡಲಾರದ ಪರೀಕ್ಷಾ ಮಾಡ್ತೇನಿ. ಒಂದು ಹೊಲಿಗಿ ಬಿಟ್ರೂ ತಿರುಗಿ ತರ್ತೇನಿ" ಎಂದಳು. "ಕೆಡಿಸೇ ತರ್ರಿ" ಎಂದ ಅವನು.

ಅವಳು ಮಾತಿಗೆ ತಪ್ಪಲಿಲ್ಲ. ಒಂದಿಡೀ ದಿನ ಬೂಟನ್ನು ಬಕೆಟ್ ನೀರಿನಲ್ಲಿ ಅದ್ದಿಟ್ಟಳು. ನೆರಳಿನಲ್ಲಿ ಒಣಗಿಸಿ, ಬೆಳಿಗ್ಗೆ ಊರ ಹೊರಗೆ ಕೆನಾಲ್ ತೋಡಿ ಹಾಕಿದ್ದ ಕಲ್ಲುರಾಶಿಗೆ ಹೋದಳು. ಬೆನ್ನ ಚೀಲದಲ್ಲಿ ಎಸ್ಸೆಸ್ಸೆಲ್ಸಿಯ ಭೂಗೋಳ ಪುಸ್ತಕ ಹದಿನೈದು. ಹತ್ತಿದಳು, ಇಳಿದಳು, ಮತ್ತೆ ಹತ್ತಿದಳು. ಕಬ್ಬಿನ ಟ್ರ್ಯಾಕ್ಟರಿನವರು ನಿಲ್ಲಿಸಿ ನೋಡಿ ಹೋದರು. ನಾಲ್ಕನೇ ದಿನ ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿತು. ಅವನು ಸಿಕ್ಕಿಬಿದ್ದ ಎಂದುಕೊಂಡು ಕುಂಟುತ್ತ ಅಂಗಡಿಗೆ ಹೋದರೆ, ಅಬ್ದುಲರಜಾಕ ಬೂಟು ನೋಡದೆ ಲೇಸು ನೋಡಿದ. "ಎಲ್ಲಾ ಕಡೆ ಒಂದ ಬಿಗಿ ಕಟ್ಟೀರಿ. ಬೆರಳಿನ ಮ್ಯಾಲ ಸಡ್ಲ ಬಿಡ್ರಿ, ಕಣಕಾಲಿಗೆ ಗಟ್ಟಿ ಕಟ್ರಿ, ಹಿಮ್ಮಡಿ ಮ್ಯಾಲ ಏಳಬಾರದು." ಹಾಗೆ ಕಟ್ಟಿದ ಮೇಲೆ ಗುಳ್ಳೆ ಮತ್ತೆ ಏಳಲಿಲ್ಲ. ಮೂರು ವಾರ ಕಳೆದರೂ ತಪ್ಪು ಸಿಗದಿದ್ದದ್ದು ಅವಳಿಗೆ ಸಮಾಧಾನಕ್ಕಿಂತ ಕಸಿವಿಸಿ ತಂದಿತು.

ಆದರೆ ಪುಡಿಯಾಗಿ ಉದುರಿದ ಆ ತಳ ತಲೆಯಿಂದ ಹೋಗಿರಲಿಲ್ಲ. ಸಿದ್ದೀಕಾಗೆ ಫೋನ್ ಮಾಡಿ, "ನಿನ್ನ ಬೂಟಿನ ತಳ ಒಮ್ಮಿ ಬಾಗಿಸಿ ನೋಡು" ಎಂದಳು.

"ಹೊಸಾದು ಯಾಕ ಬಾಗಸ್ಲಿ? ಕೆಡಬಾರದಂತ ನಾ ಕಾಲಿಗೇ ಹಾಕಿಲ್ಲ" ಎಂದಳು ಸಿದ್ದೀಕಾ. ಆಮೇಲೆ ತಣ್ಣಗೆ, "ನನ್ನ ಬೂಟು ಯಾಕೋ ನಿನ್ನ ಕಣ್ಣು ಕುಕ್ಕಾಕತ್ತಾವ" ಎಂದು ಸೇರಿಸಿದಳು.

ಆ ಮಾತು ವಿದ್ಯಾವತಿಯನ್ನು ನೋಯಿಸಿತು. ಆದರೂ ಬಿಡಲಿಲ್ಲ. ಭಾನುವಾರ ಬಸವನ ಬಾಗೇವಾಡಿಯ ಬಸ್‌ಸ್ಟ್ಯಾಂಡಿನಲ್ಲಿ ಭೇಟಿಯಾಗೋಣ, ಬೂಟು ಹಾಕಿಕೊಂಡೇ ಬಾ ಎಂದು ಒಪ್ಪಿಸಿದಳು. ಸಿದ್ದೀಕಾ ಹಳದಿ ಲೇಸು ಕಟ್ಟಿಕೊಂಡು ನಗುತ್ತ ಬಸ್ಸಿನಿಂದ ಇಳಿದಳು. ಇಬ್ಬರೂ ಹರಟುತ್ತ ಪೇಟೆಯ ತನಕ ಹೋಗಿ ಬಂದರು. ತಿರುಗಿ ಬರುವಾಗ ಸಿದ್ದೀಕಾಳ ಬಲಗಾಲಿನಿಂದ ಪಟ ಪಟ ಸದ್ದು. ಬೂಟಿನ ಮುಂಭಾಗ ತಳದಿಂದ ಎದ್ದು ಬಾಯಿ ತೆರೆದಿತ್ತು. ಸಿದ್ದೀಕಾ ಕಲ್ಲುಬೆಂಚಿನ ಮೇಲೆ ಕುಳಿತು ಅದನ್ನು ನೋಡುತ್ತಲೇ ಇದ್ದಳು. "ಇಲ್ಲಿ ಆತು. ಅಲ್ಲಿ ಗುಡ್ಡದಾಗ ಹಿಮದ ಮ್ಯಾಲ ಆಗಿದ್ರ?" ಎಂದಳು ಮೆಲ್ಲಗೆ.

ಸಿಕ್ಕ ಬಸ್ಸಿನಲ್ಲಿ ಕುಳಿತು ಇಬ್ಬರೂ ಸಂಜೆ ಹೊತ್ತಿಗೆ ಸಿಂದಗಿ ಸೇರಿದರು. ಅಬ್ದುಲರಜಾಕನಾದರೂ ಹೊಲಿದು ಕೊಟ್ಟಾನು ಎಂದು ವಿದ್ಯಾವತಿ ಅಂದುಕೊಂಡಿದ್ದಳು. ಅವನು ನೀಲಿ ಬೂಟನ್ನು ತಿರುಗಿಸಿ, ಒತ್ತಿ, ಮೂಸಿ ನೋಡಿ ತಿರುಗಿ ಕೊಟ್ಟ. "ಆಗೂದಿಲ್ರಿ. ಮ್ಯಾಲಿನ ಬಟ್ಟಿಗೆ ದಾರ ಹಿಡಿಯೂದಿಲ್ಲ, ಹರೀತೈತಿ. ಈಗ ಹೊಲದು ಕೊಡಬಹುದು, ಗುಡ್ಡದಾಗ ಬಿಚ್ಚತೈತಿ." ಅಂಗಡಿಯ ಮೂಲೆಯಿಂದ ಮಿಲಿಟರಿಯವರು ಹಾಕುವಂಥ ಹಸಿರು ಕ್ಯಾನ್ವಾಸಿನ ಎತ್ತರದ ಬೂಟು ತೆಗೆದ. "ಚಂದ ಇಲ್ಲ. ಆದ್ರ ಪೂರಾ ಹೊಸಾ ಮಾಲು, ಹೋದ ತಿಂಗಳ ಬಂದದ್ದು. ನೀರು ಒಳಗ ಬರತೈತಿ, ಅದನ್ನೂ ಈಗ ಹೇಳತೇನಿ. ಸಾಕ್ಸ್ ನಾಕು ಜೋಡಿ ಒಯ್ರಿ."

"ಈ ಸಲ ಎಲ್ಲಾ ಮೊದಲ ಹೇಳಾಕತ್ತೀರಿ" ಎಂದಳು ವಿದ್ಯಾವತಿ.

"ನಿಮ್ಮ ಬಕೆಟ್ಟಿನ ಸುದ್ದಿ ಕೇಳೇನಿ" ಎಂದ ಅವನು, ನಗದೆ.

ಉಳಿದಿದ್ದ ಎಂಟು ದಿನವೂ ಸಿದ್ದೀಕಾ ಮುದ್ದೇಬಿಹಾಳದಲ್ಲಿ ಹಸಿರು ಬೂಟು ಹಾಕಿಕೊಂಡೇ ಓಡಾಡಿದಳು.

ಹಿಮಾಚಲದಲ್ಲಿ ಆರನೇ ದಿನ ಬೆಳಿಗ್ಗೆ ಅವರು ಹಿಮದ ದಾರಿ ಹತ್ತಿ ನೆತ್ತಿ ಮುಟ್ಟಿದರು. ಸಿದ್ದೀಕಾಳ ಕಾಲು ಪೂರ್ತಿ ಒದ್ದೆ, ಆದರೆ ಅವಳು ಒಮ್ಮೆಯೂ ಜಾರಲಿಲ್ಲ. ವಿದ್ಯಾವತಿ ಅಷ್ಟು ವರ್ಷ ಸೀಮೆಸುಣ್ಣದಲ್ಲಿ ಬರೆದಿದ್ದ ಬೆಟ್ಟಸಾಲು ಈಗ ಎದುರಿಗಿತ್ತು. ಅವಳು ಅದನ್ನು ಈ ತುದಿಯಿಂದ ಆ ತುದಿಯ ತನಕ ನೋಡಿದಳು. ಆಮೇಲೆ ಬಗ್ಗಿ, ಯಾರಿಗೂ ಕಾಣದಂತೆ, ಎಡಬೂಟಿನ ಹೊಲಿಗೆಯ ಮೇಲೆ ಉಗುರು ಎಳೆದು ನೋಡಿದಳು. ಇಳಿಯುವಾಗ ತಂಡದ ನಾಲ್ವರ ಉಗುರು ಕಪ್ಪಾದವು. ವಿದ್ಯಾವತಿಯವು ಆಗಲಿಲ್ಲ.

ಜೂನ್‌ನಲ್ಲಿ ಸಾಲಿ ಶುರುವಾದ ವಾರ ಅಂಗಡಿಗೆ ಹೋಗಿ ಬೂಟನ್ನು ಅವನ ಮುಂದಿಟ್ಟಳು. ಅಬ್ದುಲರಜಾಕ ಮೂಗಿನ ಮೇಲೆ ಚಾಳೀಸು ಏರಿಸಿ ತಳದ ಖಾಚೆಗಳನ್ನು ಒಂದೊಂದಾಗಿ ನೋಡಿದ. ಆಮೇಲೆ ತಲೆಯೆತ್ತಿ ಕೇಳಿದ.

"ಟೀಚರ್, ತಪ್ಪು ತಿಳ್ಕೋಬ್ಯಾಡ್ರಿ. ಎಂಟು ದಿನ ನಡದೀರಂತೀರಿ, ತಳ ಬರೇ ಇಷ್ಟ ಸವದೈತಿ. ಖರೇನ ಮ್ಯಾಲ ತನಕ ಹೋಗಿದ್ರೇನ್ರಿ?"

ವಿದ್ಯಾವತಿ ಸ್ಟೂಲು ಎಳೆದುಕೊಂಡು ಕುಳಿತು, ಚೀಲದಿಂದ ಫೋಟೋಗಳ ಲಕೋಟೆ ತೆಗೆದಳು.