ಜಗಳೂರಿನ ಗಡಿಯಾರ

"ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟೋನ ಕೈಗೆ ವಿಜ್ಞಾನ ಕೊಟ್ರೆ ಹಿಂಗೇ ಆಗಾದು" ಅಂದ ರಂಗನಾಥ್ ಮೇಷ್ಟ್ರ ಮುಖಕ್ಕೆ ಕೈಲಿದ್ದ ವೈರಿನ ಸುರುಳಿ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ತಪ್ಪು ನನ್ನದೇ.

ನಾನು ಅಂಗಡಿ, ಮನೆಗಳಿಗೆ ಸಿಸಿ ಕ್ಯಾಮೆರಾ ಹಾಕುವವನು. ಮೇಷ್ಟ್ರು ಪಾಠ ಮಾಡುವ ಹೊನ್ನಾಳಿ ಹೈಸ್ಕೂಲಿನದೇ ಮೇಡಂ ಸಂಘಮಿತ್ರಾ ಅವರಿಗೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ಕಡೆ ತಾರಸಿ ಮೇಲೆ ಆಕಾಶಕ್ಕೆ ಕ್ಯಾಮೆರಾ ತಿರುಗಿಸಿ ನಿಲ್ಲಿಸಿದ್ದೆ. ಒಂದೇ ಉಲ್ಕೆಯನ್ನು ಎರಡು ಊರಿಂದ ಹಿಡಿದರೆ ಅದು ಎಷ್ಟು ಎತ್ತರದಲ್ಲಿ ಉರಿಯಿತು, ಸೂರ್ಯನ ಸುತ್ತ ಯಾವ ದಾರಿ ಹಿಡಿದು ಬಂತು, ಎಲ್ಲಾ ಲೆಕ್ಕ ಸಿಗುತ್ತೆ. ಒಂದು ಒಳ್ಳೆ ಉಲ್ಕೆ ಮಳೆಗೆ ಎರಡು ವರ್ಷ ಮೇಡಂ ಕಾದಿದ್ದರು. ಗಂಟೆಗೆ ನಾಲ್ಕೈದು ಬೀಳುತ್ತಿದ್ದ ಉಲ್ಕೆಗಳು ಮೊನ್ನೆ ರಾತ್ರಿ ಉಕ್ಕಿ ಬಂದು, ಒಂದೇ ಗಂಟೆಯಲ್ಲಿ ನೂರು ದಾಟಿದವು. ಚನ್ನಗಿರಿ, ನ್ಯಾಮತಿಗೆ ಮೋಡ. ಉಳಿದದ್ದು ಹೊನ್ನಾಳಿ, ಜಗಳೂರು. ಅವೆರಡರ ಟೈಮು ಕೂಡಲಿಲ್ಲ.

ಬಸ್ಸು ತಪ್ಪಬಾರದು ಅಂತ ಗಡಿಯಾರ ಹತ್ತು ನಿಮಿಷ ಮುಂದಿಡೋದು ನಮ್ಮ ಕಡೆ ರೂಢಿ. ನನ್ನ ವಾಚೂ ಹಂಗೇ. ಉಳಿದ ಊರಿನ ರೆಕಾರ್ಡಿಂಗ್ ಪೆಟ್ಟಿಗೆಗಳು ಇಂಟರ್ನೆಟ್ಟಿಂದ ತಾವೇ ಟೈಮು ತಗೋತಾವೆ; ಇಂಟರ್ನೆಟ್ ಇಲ್ಲದ ಜಗಳೂರಿನ ಪೆಟ್ಟಿಗೆಗೆ ವಾಚು ನೋಡಿ ನಾನೇ ಟೈಮು ಕೊಟ್ಟಿದ್ದೆ. ಗೊತ್ತಾದ ಕೂಡಲೇ ಬೈಕ್ ಹತ್ತಿ ಹೋಗಿ, ಸಿಟ್ಟಲ್ಲಿ ಸರಿಮಾಡಿ, ರೆಕಾರ್ಡಿಂಗ್ ತಂದೆ. ಎಷ್ಟು ತಪ್ಪಿತ್ತು ಅಂತ ಬರೆದುಕೊಳ್ಳಲೇ ಇಲ್ಲ.

"ಹತ್ತು ನಿಮಿಷ ಕಳೀರಿ ಮೇಡಂ, ಆಯ್ತು."

"ನಿನ್ನ ಹತ್ತು ಸರಿಯಾಗಿ ಹತ್ತೇನಾ ಕಲ್ಲೇಶ?"

ಅಂದಾಜಿಗೆ ಮುಂದಿಟ್ಟ ವಾಚು, ಸೆಕೆಂಡಿನ ಲೆಕ್ಕ ಎಲ್ಲಿಂದ ಬರಬೇಕು? ಅಷ್ಟು ಉಲ್ಕೆಗಳಲ್ಲಿ ಯಾವುದಕ್ಕೆ ಯಾವುದು ಜೋಡಿ ಅಂತ ಹುಡುಕೋದು? ಇನ್ನೊಬ್ಬರಾಗಿದ್ದರೆ ನನ್ನ ಕತ್ತು ಹಿಡಿದು ಹೊರಗೆ ದಬ್ಬುತ್ತಿದ್ದರು. ಮೇಡಂ ಕುರ್ಚಿ ಎಳೆದು ಕೊಟ್ಟರು.

"ಗಡಿಯಾರ ಬಿಡು. ಜಗಳೂರಿನದರಲ್ಲಿ ದೊಡ್ಡವು ಮಾತ್ರ ನೋಡು. ಒಂದು ಬಿದ್ದ ಮೇಲೆ ಇನ್ನೊಂದಕ್ಕೆ ಎಷ್ಟು ಸೆಕೆಂಡು, ಓದ್ತಾ ಹೋಗು."

"ನಲವತ್ತೊಂದು. ಏಳು. ನೂರಾ ಹದಿಮೂರು. ಇಪ್ಪತ್ತಾರು."

"ಮಗ್ಗಿ ಕಲಿಸಾಕೆ ಕೂರಿಸೀರೇನ್ರೀ?" ಅಂದರು ಮೇಷ್ಟ್ರು.

ಮೇಡಂ ತಲೆ ಎತ್ತಲಿಲ್ಲ. ಹೊನ್ನಾಳಿಯ ಪಟ್ಟಿ ಮೇಲೆ ಬೆರಳು ಇಳಿಯುತ್ತಿತ್ತು. ಮೂರನೇ ಹಾಳೆಯಲ್ಲಿ ನಿಂತಿತು. ಅಲ್ಲೂ ನಲವತ್ತೊಂದು, ಏಳು, ನೂರಾ ಹದಿಮೂರು, ಇಪ್ಪತ್ತಾರು.

ನಾನು ಎದ್ದು ನಿಂತೆ. "ಸಿಕ್ತು!"

"ಕೂತ್ಕೋ. ನಾಲ್ಕು ಸಾಲದು. ಇನ್ನೂ ಐದು ಓದು."

ಐದೂ ಕೂಡಿದವು. ಜಗಳೂರು ಮುಂದಿದ್ದದ್ದು ಹನ್ನೊಂದು ನಿಮಿಷ ನಲವತ್ತಮೂರು ಸೆಕೆಂಡು. ಅಷ್ಟು ಕಳೆದು ಲೆಕ್ಕಕ್ಕೆ ಹಾಕಿದಾಗ, ಎರಡೂ ಊರಿಂದ ಒಂದು ಉಲ್ಕೆಗೆ ಎಳೆದ ಗೆರೆಗಳು ತೊಂಬತ್ತಾರು ಕಿಲೋಮೀಟರ್ ಎತ್ತರದಲ್ಲಿ ಹೋಗಿ ಕೂಡಿದವು. ಪರದೆ ಮೇಲೆ ಆ ಉಲ್ಕೆ ಬಂದ ಉದ್ದನೆಯ ದಾರಿ ಗುರುಗ್ರಹವನ್ನೂ ದಾಟಿ ಹೋಗಿ ತಿರುಗಿ ಬಂತು. ಮೇಷ್ಟ್ರೂ ಹತ್ತಿರ ಬಂದು ಬಗ್ಗಿ ನೋಡಿದರು.

ಮೇಡಂ ರಿಪೋರ್ಟ್ ಬರೆಯಲು ಶುರುಮಾಡಿದರು. ಮೊದಲನೇ ಪುಟದಲ್ಲೇ ಜಗಳೂರಿನ ಗಡಿಯಾರ ತಪ್ಪಿದ್ದದ್ದು, ಅದನ್ನು ಕಂಡುಹಿಡಿದ ಬಗೆ.

"ಇದನ್ಯಾಕೆ ಬರೀತೀರಿ ಮೇಡಂ? ಈಗ ಸರಿಯಾಗೈತಲ್ಲ."

"ಮುಚ್ಚಿಟ್ರೆ ನಾಳೆ ಯಾರೂ ನಂಬಲ್ಲ. ಟೈಮು ಕೊಟ್ಟೋರು ಯಾರು ಅಂತ ಹಾಕೋದು ಬೇಡ ಅಂದ್ರೆ ಬಿಡ್ತೀನಿ."

"ಹಾಕ್ರಿ" ಅಂದೆ. "ಸೆಕೆಂಡು ಓದಿದ್ದೂ ನಾನೇ ಅಂತ ಕೆಳಗೆ ಹಾಕ್ರಿ."