ತಡವಾಗಿ ಬರುವ ಹಕ್ಕು

ಎದುರಿನ ಸಾಲಿನ ಹೆಂಗಸಿನ ಟೋಪಿಯ ಮೇಲೆ ಒಂದು ನೊಣ, ಅಂಚಿನುದ್ದಕ್ಕೂ ನಡೆದು ಮತ್ತೆ ಹೊರಟಲ್ಲಿಗೇ ಬರುತ್ತದೆ, ಓಡಿಸೋಣವೆಂದರೆ ಮಣ್ಣಿಗೆ ಬಂದವರ ಟೋಪಿಗೆ ಕೈ ಹಾಕುವುದು ಹೇಗೆ, ಪರ್ತಿನ ನೊಣಗಳಿಗೆ ಮೊದಲಿನಿಂದಲೂ ಸಂಕೋಚವೆಂಬುದಿಲ್ಲ, ಐದು ವರ್ಷದ ಮೇಲೆ ಬಂದರೂ ಹಾಗೆಯೇ ಇವೆ — ಫೆಬ್ರವರಿಯ ಈ ಸೆಕೆಯಲ್ಲಿ ಕೋಟು ಬೇರೆ, ಪದ್ಮಾ ಹೇಳಿದ್ದಳು, ರೀ, ಆ ಕೋಟು ಬೇಡ, ಬೆವತು ನೀರಾಗ್ತೀರ, ಹೆಂಡತಿಯ ಮಾತು ಕೇಳಿದ್ದರೆ ಲಿಂಗರಾಜ ಲಿಂಗರಾಜನಾಗಿರುತ್ತಿದ್ದನೇ. ಬೆಳಗಿನ ವಿಮಾನಕ್ಕೆ ಅಡಿಲೇಡಿನಿಂದ ಹೊರಟು ನೇರವಾಗಿ ಈ ಪುಟ್ಟ ಚರ್ಚಿಗೆ ಬಂದಿದ್ದಾನೆ, ಮುಂದೆ ಹೂವಿನಡಿಯಲ್ಲಿ ಶವಪೆಟ್ಟಿಗೆ, ಅದರೊಳಗೆ ಮಿಸ್ ಒಡೆಸ್ಸಾ, ಮಗಳು ಮಾಲವಿಕಾಗೆ ಹಾಡು ಕಲಿಸಿದವಳು, ಅಮೆರಿಕದ ಜಾರ್ಜಿಯಾದ ಕಪ್ಪು ಹೆಂಗಸು, ಇಲ್ಲಿಯ ನಾವಿಕನೊಬ್ಬನನ್ನು ಮದುವೆಯಾಗಿ ನಲವತ್ತು ವರ್ಷ ಪರ್ತಿನಲ್ಲೇ ಬಾಳಿದವಳು — ಬಾಳಿದವರು ಎನ್ನಬೇಕು, ಟೀಚರಲ್ಲವೇ. ಸಾಯುವ ಮುಂಚೆ ಚೀಟಿ ಬರೆದಿಟ್ಟಿದ್ದರಂತೆ, ನನ್ನ ಮಣ್ಣಿನ ದಿನ ರೆಕಾರ್ಡು ಹಾಕಬೇಡಿ, ಆ ಹುಡುಗಿ ಮಾಲವಿಕಾಳನ್ನು ಕರೆಸಿ, ಒಂದು ನಿಧಾನದ ಹಾಡು ಹಾಡಲಿ. ಅವಳು ಅಂಥ ಹಾಡು ಹಾಡದೆ ಐದು ವರ್ಷ. ಹತ್ತೊಂಬತ್ತರ ಹುಡುಗಿ, ನಿನ್ನೆಯೇ ಬ್ರಿಸ್ಬೇನಿನಿಂದ ಬಂದಿದ್ದಾಳೆ, ಗೇಟಿನ ಹತ್ತಿರ ಸಿಕ್ಕಿದಳು, ಕಪ್ಪು ಫ್ರಾಕು, ತೆಳ್ಳಗಾಗಿದ್ದಾಳೆ, ಸರಿಯಾಗಿ ಊಟ ಮಾಡ್ತೀಯೇನೇ ಎಂದು ಕೇಳುವಷ್ಟರಲ್ಲಿ ಅವಳೇ, ಐ ವಿಲ್ ಸಿಂಗ್, ಅಪ್ಪಾ, ಬಟ್ ಪ್ಲೀಸ್ ಡೋಂಟ್ ಸಿಟ್ ಇನ್ ಫ್ರಂಟ್. ಅದಕ್ಕೇ ಆರನೇ ಸಾಲು, ಅದಕ್ಕೇ ಈ ಟೋಪಿ. ಇವತ್ತು ಒಂದೇ ಒಂದು ಸಲ ಅವಳು ಹಿಂದಿನ ಹಾಗೆ ಹಾಡಿಬಿಟ್ಟರೆ ತಾನು ಮಾಡಿದ್ದು ಅಳಿಸಿಹೋಗುತ್ತದೆ, ನಿನ್ನೆ ಸಂಜೆಯಿಂದ ಅವನಿಗೆ ಅದೊಂದೇ ಆಸೆ.

ಶನಿವಾರವೆಂದರೆ ನೀಲಿ ಕಾರು, ದಾರಿಯಲ್ಲಿ ಸರ್ವೋ ಬಂಕಿನಲ್ಲಿ ಪೆಟ್ರೋಲು, ಅಲ್ಲೇ ಒಂದು ಕೆಟ್ಟ ಕಾಫಿ, ಹಿಂದಿನ ಸೀಟಿನಲ್ಲಿ ಹನ್ನೊಂದರ ಹುಡುಗಿ ಗಂಟಲು ಸರಿಮಾಡಿಕೊಳ್ಳುತ್ತ, ಮಿಸ್ ಒಡೆಸ್ಸಾರ ಪಿಯಾನೋ ಇದ್ದ ಕೋಣೆಯಲ್ಲೇ ವಾಷಿಂಗ್ ಮೆಷಿನ್ನು, ಅದರ ಪಕ್ಕದ ಸ್ಟೂಲು ಲಿಂಗರಾಜನಿಗೆ — ಮೈಸೂರಿನಲ್ಲಿ ಸೋದರತ್ತೆ ನಾಗವೇಣಿಯ ಸಂಗೀತ ಪಾಠದ ಮನೆಯಲ್ಲಿ ಬೆಳೆದವನು, ಗಂಟಲು ಒಲಿಯಲಿಲ್ಲ, ತಾಳ ಮಾತ್ರ ಕೈಗೆ ಅಂಟಿಕೊಂಡಿತು, ಕಪ್ಪು ಜನರ ಹಾಡೆಂದರೆ ಕುಣಿತದ ಗದ್ದಲ ಎಂದುಕೊಂಡಿದ್ದವನು ಮೊದಲ ದಿನವೇ ಮೂಕನಾದ. ಮಿಸ್ ಒಡೆಸ್ಸಾ ಹಾಡುವಾಗ ಪಿಯಾನೋ ಮುಂದೆ ಹೋಗುತ್ತಿತ್ತು, ಅವರು ಹಿಂದೆಯೇ ಉಳಿಯುತ್ತಿದ್ದರು, ಬಸ್ಸು ಹೊರಟರೂ ಬಾಗಿಲಲ್ಲಿ ಮಾತಾಡುತ್ತ ನಿಂತವರ ಹಾಗೆ, ಹೋಯಿತು, ತಪ್ಪಿತು ಎಂದು ಇವನ ಎದೆ ಹಾರುವಾಗ ಸಾಲಿನ ಕೊನೆಯಲ್ಲಿ ಸುಮ್ಮನೆ ಬಂದು ಸೇರಿಕೊಳ್ಳುತ್ತಿದ್ದರು, ಆ ಸೇರುವಲ್ಲಿ ಇವನ ಕಣ್ಣು ತುಂಬುತ್ತಿತ್ತು, ಗಂಡಸು ಅಳುವುದಕ್ಕೆ ವಾಷಿಂಗ್ ಮೆಷಿನ್ನಿನ ಪಕ್ಕಕ್ಕಿಂತ ಒಳ್ಳೆಯ ಜಾಗ ಇನ್ನೆಲ್ಲಿ. ಮಿಸ್ಟರ್ ರಾಜ್, ತೊಡೆಯ ಮೇಲೆ ಏನದು ಎಣಿಸುತ್ತಿದ್ದೀರಿ ಎಂದು ಅವರು ಒಮ್ಮೆ ಕೇಳಿದರು, ಇವನು ತೋರಿಸಿದ, ಒಂದು ತಟ್ಟು, ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ಚೆನ್ನಾಗಿದೆ, ಆದರೆ ಇಲ್ಲಿ ಬೇಡ, ನಮ್ಮಜ್ಜಿಗೆ ವಾರದ ಆರು ದಿನ ಬೇರೆಯವರ ಗಡಿಯಾರ, ಬೇರೆಯವರ ಕೂಗು, ಭಾನುವಾರ ಚರ್ಚಿನಲ್ಲಿ ಹಾಡುವಾಗ ಮಾತ್ರ ತಡವಾಗಿ ಬರುವ ಹಕ್ಕಿತ್ತು, ಈ ಹಾಡುಗಳೆಲ್ಲ ಅಲ್ಲಿಂದ ಬಂದವು, ನಿಮ್ಮ ಮಗಳೂ ತಡವಾಗಿ ಬರಲಿ ಬಿಡಿ. ನಗುತ್ತಲೇ ಹೇಳಿದ್ದರು. ಇವನೂ ನಕ್ಕಿದ್ದ.

ಈಗ ಅಂಥ ಹಾಡು ಎಲ್ಲಿದೆ ಎಂದು ಕಂಡಕಂಡವರ ತಲೆ ತಿಂದದ್ದೇನು ಕಡಿಮೆಯೇ, ಅಡಿಲೇಡಿನ ಮಾಸನ್ ಲೇಕ್ಸಿನ ಬಾರ್ಬೆಕ್ಯೂ ಕೂಟಗಳಲ್ಲಿ ಕೈಯಲ್ಲಿ ಸುಟ್ಟ ಜೋಳ ಹಿಡಿದೇ ಭಾಷಣ, ಕೇಳ್ರೀ ಉತ್ತಮ್, ಅಮೆರಿಕದ ಕಪ್ಪು ಹಾಡುಗಾರರ ಹೊಸ ಹಾಡು ತೆಗೀರಿ, ಇಪ್ಪತ್ತರಲ್ಲಿ ಒಂದು ಬ್ಯಾಲಡ್, ಒಂದು ನಿಧಾನದ ಹಾಡು ತೋರ್ಸಿ ನೋಡೋಣ, ಎಲ್ಲಾ ಮೆಷಿನ್ ಬಡಿತ, ದನಿ ಅನ್ನೋದು ಒಗ್ಗರಣೆ ಥರ ಮೇಲೆ ಹಾಕೋದು, ನಿಂತು ಒಂದು ಸ್ವರ ಹಿಡಿಯೋಕೆ ಒಬ್ರಿಗೂ ತಾಳ್ಮೆ ಇಲ್ಲ, ಆಫೀಸಿನಲ್ಲಿ ಇವನ ಕೈಕೆಳಗಿನ ಉತ್ತಮ್ ನಗುತ್ತ, ಸಾರ್, ನಿಮ್ಗೆ ವಯಸ್ಸಾಯ್ತು, ಜೋಳ ಆರ್‌ಹೋಯ್ತು ನೋಡಿ. ತಪ್ಪೆಲ್ಲ ಕಂಪನಿಗಳದ್ದು, ಫೋನಿನದ್ದು, ಹತ್ತು ಸೆಕೆಂಡಿಗೆ ಮುಂದಿನ ಹಾಡಿಗೆ ಹಾರುವ ಹೆಬ್ಬೆರಳಿನದ್ದು, ಮಗಳೂ ಅದೇ ಗುಂಪಿಗೆ ಸೇರಿದಳಲ್ಲ, ಬ್ರಿಸ್ಬೇನಿನ ಇಂಡೂರೂಪಿಲ್ಲಿಯ ಬಾಡಿಗೆ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕುಳಿತು ಎರಡೆರಡು ನಿಮಿಷದ ತುಣುಕು ಮಾಡುತ್ತಾಳೆ, ಪಿಸುಮಾತಿನ ದನಿ, ಅದಕ್ಕೂ ಇಸ್ತ್ರಿ ಹೊಡೆದ ಹಾಗೆ ಸಾಫ್ಟ್‌ವೇರು, ಹಾಡುವಾಗ ಕಿವಿಯಲ್ಲಿ ಟಿಕ್ ಟಿಕ್ ಎಂದು ಲೆಕ್ಕ ಹೇಳುವ ಯಂತ್ರ. ಫೋನಿನಲ್ಲಿ ಕೇಳಿದ, ಮಾಲು, ಒಂದಾದ್ರೂ ನಿಧಾನದ್ದು ಹಾಡಬಾರ್ದೇನಮ್ಮ, ಪೀಪಲ್ ಆರ್ ಸ್ಟಿಲ್ ಸ್ಯಾಡ್, ಅಪ್ಪಾ, ದೇ ಜಸ್ಟ್ ಡೋಂಟ್ ವೇಟ್, ಆಮೇಲೆ, ಎನಿವೇ ಐ ಕಾಂಟ್, ಆ ಟಿಕ್ ಟಿಕ್ ಇಲ್ಲದಿದ್ದರೆ ಹೆದರಿಕೆಯಂತೆ. ಯಾರ ಹೆದರಿಕೆ ಎಂದು ಇವನು ಕೇಳಲಿಲ್ಲ.

ಹೇಳಿದವಳು ಪದ್ಮಾ, ನಿನ್ನೆ ಸಂಜೆ ಕ್ಲಿನಿಕ್ಕಿನಿಂದ ಬಂದು ಇದೇ ಕೋಟಿಗೆ ಗುಂಡಿ ಹೊಲಿಯುತ್ತ, ರೀ, ನಿಮ್ಗೆ ನಿಜವಾಗ್ಲೂ ಗೊತ್ತಿಲ್ವಾ, ಆ ಸ್ಕೂಲ್ ಕಾಂಪಿಟಿಷನ್ ಆದ್ಮೇಲೆ ಅವಳು ಬಾಯ್ಬಿಟ್ಟು ಹಾಡಿದ್ದು ಕೇಳಿದೀರಾ ನೀವು, ಯಾವ ಕಾಂಪಿಟಿಷನ್ ಎಂದ, ಗೊತ್ತಿದ್ದೇ ಎಂದ, ಅವಳು ದಾರ ಕಡಿದಳು. ಅಡಿಲೇಡಿಗೆ ಬರುವ ಮುಂಚೆ, ಪರ್ತ್ ಬಿಟ್ಟು ಬ್ರಿಸ್ಬೇನಿಗೆ ಹೋದ ವರ್ಷ, ಹುಡುಗಿಗೆ ಹದಿನಾಲ್ಕು, ಟೀಚರಿಲ್ಲ, ಆದ್ದರಿಂದ ತಾನೇ ಟೀಚರು, ಎಂಥ ಘನ ಟೀಚರು, ಫಾರೆಸ್ಟ್ ಲೇಕಿನ ಕೆರೆಯ ಸುತ್ತ ದಿನಾ ಸಂಜೆ ನಡಿಗೆ, ಅವಳು ಹಾಡಬೇಕು, ಇವನು ಅವಳ ಹೆಗಲ ಮೇಲೆ ತಾಳ ಹಾಕಬೇಕು, ಲೇಟಾಯ್ತು ಮಾಲು, ಮತ್ತೆ ಲೇಟಾಯ್ತು, ಜಡ್ಜ್‌ಗಳು ಮಾರ್ಕ್ಸ್ ಕಟ್ ಮಾಡ್ತಾರೆ, ಮಿಸ್ ಒಡೆಸ್ಸಾ ಹಾಗೇ ಹೇಳ್ಕೊಟ್ಟಿದ್ದು ಅಪ್ಪಾ ಎಂದು ಆಗಿನ್ನೂ ಅವಳು ಕನ್ನಡದಲ್ಲೇ ಹೇಳುತ್ತಿದ್ದಳು, ಅವ್ರು ದೊಡ್ಡೋರು, ಅವ್ರಿಗೆ ನಡೆಯತ್ತೆ, ನಿಂಗಲ್ಲ. ಯಾವುದನ್ನು ಕೇಳಿ ಸ್ಟೂಲಿನ ಮೇಲೆ ಅತ್ತಿದ್ದನೋ ಅದನ್ನೇ ಮಗಳ ಗಂಟಲಿನಲ್ಲಿ ತಪ್ಪು ಎಂದು ತಿದ್ದಿದ. ಕಾಂಪಿಟಿಷನ್ನಿನ ದಿನ ಶಾಲೆಯ ಸಭಾಂಗಣ, ಮುಂದಿನ ಸಾಲಿನಲ್ಲಿ ಇವನು, ಪಿಯಾನೋ ಮುಂದೆ ಹೋಯಿತು, ಹುಡುಗಿ ಹೆದರದೆ ಹಿಂದೆ ಉಳಿದಳು, ಆಗ ಇವನ ಕೈ ಎದ್ದು ತೊಡೆಯ ಮೇಲೆ ಬಿತ್ತು, ಸಾಲಿಗೆಲ್ಲ ಕೇಳುವ ಹಾಗೆ, ಅವಳು ತಿರುಗಿ ನೋಡಿದ್ದು ಅಪ್ಪನ ಮುಖವನ್ನಲ್ಲ, ಆ ಕೈಯನ್ನು, ತಾಳ ಹಿಡಿಯಲು ಓಡಿದಳು, ಮಾತು ನುಂಗಿದಳು, ಉಸಿರು ಸಿಕ್ಕಿಕೊಂಡು ನಿಂತೇಬಿಟ್ಟಳು, ಇವನ ಕೈ ಮಾತ್ರ ನಿಲ್ಲಲಿಲ್ಲ, ಕಿರುಬೆರಳು, ಉಂಗುರದ ಬೆರಳು. ಕಾರಿನಲ್ಲಿ ಇವನು ಆಡಿದ ಮೊದಲ ಮಾತು, ನಾನು ಹೇಳಿರ್ಲಿಲ್ವಾ. ದೇವರೇ, ಅದನ್ನು ಯಾಕೆ ಹೇಳಿದೆ, ಅದೊಂದು ಮಾತನ್ನಾದರೂ ನುಂಗಬಾರದಿತ್ತೇ.

ಪಾದ್ರಿ ಕುಳಿತರು, ಪಿಯಾನೋ ಶುರುವಾಯಿತು, ಮಾಲವಿಕಾ ಎದ್ದು ಶವಪೆಟ್ಟಿಗೆಯ ಪಕ್ಕ ನಿಂತಿದ್ದಾಳೆ, ಕಿವಿಯಲ್ಲಿ ಏನೂ ಇಲ್ಲ, ಟಿಕ್ ಟಿಕ್ ಇಲ್ಲ, ಲಿಂಗರಾಜ ಎರಡೂ ಕೈಗಳನ್ನು ತೊಡೆಯಡಿಗೆ ಹಾಕಿ ಅದುಮಿಕೊಂಡು ಕುಳಿತ, ನೋಡಮ್ಮ, ಕೈ ಇಲ್ಲ, ನನಗೆ ಕೈಯೇ ಇಲ್ಲ, ಅವಳು ನೋಡುವುದಿಲ್ಲ, ಹಾಡುತ್ತಾಳೆ, ಅದೇ ದನಿ, ಅಯ್ಯೋ ಅದೇ ದನಿ, ಪಿಸುಮಾತಲ್ಲ, ತುಂಬು ದನಿ, ಟೋಪಿಯ ಹೆಂಗಸು ಕರವಸ್ತ್ರ ತೆಗೆದಳು — ಈಗ ಪಿಯಾನೋ ಮುಂದೆ ಹೋಗುತ್ತದೆ, ಈಗ ಹಿಂದೆ ಉಳಿಯಬೇಕು, ಉಳಿ, ಉಳಿಯೇ ನನ್ನ ತಾಯಿ — ಉಳಿಯಲಿಲ್ಲ. ಸರಿಯಾಗಿ ತಾಳಕ್ಕೇ ಬಂದಳು. ಎರಡನೇ ಸಾಲಿಗೂ, ಮೂರನೆಯದಕ್ಕೂ, ಕೂದಲೆಳೆಯಷ್ಟೂ ಆಚೀಚೆ ಇಲ್ಲ, ಎಲ್ಲರೂ ಅಳುತ್ತಿದ್ದಾರೆ, ಯಾರಿಗೂ ಗೊತ್ತಾಗುತ್ತಿಲ್ಲ, ಗೊತ್ತಾಗುತ್ತಿದ್ದ ಇನ್ನೊಬ್ಬರು ಹೂವಿನಡಿಯಲ್ಲಿ ಮಲಗಿದ್ದಾರೆ, ಅವಳ ಕಣ್ಣು ಮುಚ್ಚಿದೆ, ಎಡಗೈ ಶವಪೆಟ್ಟಿಗೆಯ ಮೇಲೆ, ಬಲಗೈ ಎಲ್ಲಿ, ಟೋಪಿ ಅಡ್ಡ, ಕತ್ತು ವಾಲಿಸಿ ನೋಡಿದ, ಬಲಗೈ ಕೆಳಗಿದೆ, ಫ್ರಾಕಿನ ನೆರಿಗೆಯ ಮರೆಯಲ್ಲಿ, ಅಲ್ಲಿ ಏನೋ ಅಲುಗುತ್ತಿದೆ, ಹಸ್ತದ ಒಂದು ಸಣ್ಣ ತಟ್ಟು, ಆಮೇಲೆ ಬೆರಳು ಒಂದೊಂದಾಗಿ, ಅವಳಿಗೇ ಗೊತ್ತಿಲ್ಲ, ಬೇಡ ಮಗಳೇ, ನಾನು ಹಿಂದೆ ಕೂತಿದ್ದೇನೆ, ಕೈ ಕಟ್ಟಿಹಾಕಿಕೊಂಡಿದ್ದೇನೆ, ಇನ್ನು ಯಾರೂ ಎಣಿಸುತ್ತಿಲ್ಲ, ತಡ ಮಾಡು, ತಡ ಮಾಡಮ್ಮ — ತಟ್ಟು, ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ಕಪ್ಪು ಬಟ್ಟೆಯ ಮೇಲೆ ಮಗಳ ಕಿರುಬೆರಳು, ಉಂಗುರದ ಬೆರಳು, ನಡುಬೆರಳು